ಹಿದುಕುವ ಕೈ

ಮಗಾ,

ಮೊನ್ನೆ ಫೋನಿನಲ್ಲಿ ನೀನು ಅಂದದ್ದಕ್ಕೆಲ್ಲ ಹೂಂಗುಟ್ಟಿದೆ. "ಸಂಕ್ರಾಂತಿ ಹಬ್ಬದ ದಿನ ಬೆಳಗ್ಗೆ ಬಂದು ಸಂಜೆ ಹೊರಟುಬಿಡ್ತೀವಿ ಅಜ್ಜಿ, ಹಿದುಕಬೇಳೆ ಸಾರು ಮಾಡಿರು. ನನ್ನ ಹೆಂಡತಿಗೆ ನಮ್ಮೂರ ಚಳಿಗಾಲ ತೋರಿಸಬೇಕು" ಅಂದೆಯಲ್ಲ. ಫೋನಿಟ್ಟ ಮೇಲೆ ಲೆಕ್ಕ ಹಾಕಿದೆ. ನೀವಿಬ್ಬರು, ನಿನ್ನ ಅಪ್ಪ ಅಮ್ಮ, ಚನ್ನರಾಯಪಟ್ಟಣದಿಂದ ನಿನ್ನ ಸೋದರತ್ತೆ ಮನೆಯವರು ನಾಲ್ವರು, ನಾನೊಬ್ಬಳು. ಒಂಬತ್ತು ಎಲೆ. ಒಂಬತ್ತು ಎಲೆಗಾಗುವಷ್ಟು ಬೇಳೆ ಹಿದುಕಲು ನನ್ನ ಎರಡು ಕೈಗೆ ಒಂದು ಮಧ್ಯಾಹ್ನ, ಮೇಲೊಂದು ರಾತ್ರಿ ಬೇಕು. ಉಣ್ಣುವ ಬಾಯಿ ಒಂಬತ್ತು, ಹಿದುಕುವವಳು ಒಬ್ಬಳು. ಲೆಕ್ಕ ಯಾಕೋ ಸರಿಬರಲಿಲ್ಲ. ಅದಕ್ಕೇ ಈ ಕಾಗದ.

ಎರಡು ದಿನ ಮೊದಲೇ ಬಾ. ಚಳಿಗಾಲ ಅನ್ನೋದು ಬೇಲೂರಿನ ಗುಡಿಯಲ್ಲ, ಒಂದು ಸುತ್ತು ಹಾಕಿ ಫೋಟೋ ತೆಗೆದು ಹೊರಡೋದಕ್ಕೆ. ನಮ್ಮ ಕಡೆ ಅದನ್ನು ಕೈಯಲ್ಲಿ ಮಾಡಬೇಕು.

ನಮ್ಮ ಮನೆಯಲ್ಲಿ ಚಳಿ ಬಂತು ಅಂತ ಹೇಳಲು ಕ್ಯಾಲೆಂಡರ್ ನೋಡುತ್ತಿರಲಿಲ್ಲ. ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆಗೆಯುತ್ತಾರೆ, ದೀಪಾವಳಿ ಮುಗಿಯುತ್ತಲೇ ಹಾಕುತ್ತಾರೆ. ಅಮ್ಮನ ಬಾಗಿಲು ಹಾಕಿತು ಅಂತ ಸುದ್ದಿ ಬಂದ ದಿನ ನಮ್ಮ ಅತ್ತೆ ಅಟ್ಟದಿಂದ ಕರಿಕಂಬಳಿ ಇಳಿಸಿ ಬಿಸಿಲಿಗೆ ಹರವುತ್ತಿದ್ದರು. ಹಾಸನ ಸಮುದ್ರಮಟ್ಟಕ್ಕಿಂತ ಮೂರು ಸಾವಿರ ಅಡಿಗೂ ಮೇಲಿದೆ, ಬಡವರ ಊಟಿ ಅನ್ನುತ್ತಾರೆ. "ಹಾಗಾದರೆ ಊಟಿಯಲ್ಲಿ ಬಡವರೇ ಇಲ್ಲವಾ?" ಅಂತ ನಿಮ್ಮ ತಾತ ಕೇಳುತ್ತಿದ್ದರು. ಹೊಳೆನರಸೀಪುರದ ಕಡೆ ಹೇಮಾವತಿಯ ದಡದ ಊರುಗಳಲ್ಲಿ ಧನುರ್ಮಾಸದ ಮಂಜು ಕವಿದರೆ ಎಂಟು ಗಂಟೆಯಾದರೂ ಎದುರು ಮನೆಯ ತೆಂಗಿನ ಗರಿ ಕಾಣುವುದಿಲ್ಲ. ಈ ಚಳಿ ಶಿವರಾತ್ರಿಗೆ ಶಿವಶಿವಾ ಅಂತ ಹೋಗುವವರೆಗೆ ಇರುತ್ತದೆ. ಆ ನಡುವಿನ ನಾಲ್ಕು ತಿಂಗಳು ಒಲೆ, ಕಣ, ಅಂಗಳ, ಬಚ್ಚಲು ಎಲ್ಲಕ್ಕೂ ಬಿಡುವಿಲ್ಲ.

ಅವರೆಯಿಂದಲೇ ಶುರು ಮಾಡುತ್ತೇನೆ, ನೀನು ಕೇಳಿದ್ದೂ ಅದನ್ನೇ. ಹಿಂದೆ ಅವರೆಗೆ ಅಂತ ಬೇರೆ ಹೊಲವಿರಲಿಲ್ಲ. ರಾಗಿಯ ನಡುನಡುವೆ ಅಕ್ಕಡಿ ಸಾಲು ಬಿಡುತ್ತಿದ್ದೆವು. ಒಂದಷ್ಟು ಸಾಲು ರಾಗಿ, ಆಮೇಲೊಂದು ಸಾಲು ಅವರೆ, ಹುಚ್ಚೆಳ್ಳು, ಅಂಚಿಗೆ ಹರಳು. ರಾಗಿ ಕುಯ್ದ ಮೇಲೆ ಹೊಲದಲ್ಲಿ ಅವರೆ ಒಂದೇ ನಿಂತಿರುತ್ತಿತ್ತು, ಇಬ್ಬನಿ ಹೊತ್ತುಕೊಂಡು. ನಾಟಿ ಅವರೆ ಹಗಲು ನೋಡಿ ಹೂ ಬಿಡುವ ಗಿಡ ಕಣೋ. ಹಗಲು ಗಿಡ್ಡವಾಗುವವರೆಗೆ ಬಳ್ಳಿ ಸುಮ್ಮನೆ ಹಬ್ಬುತ್ತದೆ, ಇರುಳು ಉದ್ದವಾಯಿತು ಅಂತ ಗೊತ್ತಾದ ಮೇಲೆ ಹೂವಿಗೆ ಬರುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ಅಂತ ತಳಿ ತೆಗೆದ ಮೇಲೆ ಆ ಹಂಗು ತಪ್ಪಿತು. ಅದಕ್ಕೆ ಹಗಲು ಉದ್ದವೋ ಗಿಡ್ಡವೋ ಲೆಕ್ಕವಿಲ್ಲ, ವರ್ಷವೆಲ್ಲ ಕಾಯಿ ಬಿಡುತ್ತದೆ. ರೈತನ ಕೈಗೆ ಕಾಸು ಬಂತು, ಅದನ್ನು ಬೇಡ ಅನ್ನುವಷ್ಟು ಮೂರ್ಖಳಲ್ಲ ನಾನು. ಆದರೆ ಬೇಸಿಗೆಯ ಅವರೆಯನ್ನು ಮೂಸಿ ನೋಡು, ಮೂಗಿಗೆ ಏನೂ ತಾಕುವುದಿಲ್ಲ. ಪುಷ್ಯದ ಅವರೆಯನ್ನು ಹಿಡಿದರೆ ಬೆರಳು ಅಂಟಂಟು, ಸೋಪು ಹಾಕಿ ತೊಳೆದರೂ ಸೊಗಡು ಹೋಗುವುದಿಲ್ಲ. ಸಂತೆಯಲ್ಲಿ ಕಾಯಿ ಕೊಳ್ಳುವಾಗ ಹಸಿರು ನೋಡಬೇಡ, ಸಿಪ್ಪೆ ಉಜ್ಜಿ ಬೆರಳು ಮೂಸು. ಬಿಡಿಸಿಟ್ಟ ಕಾಳು ಮಾತ್ರ ಕೊಳ್ಳಬೇಡ, ಅದು ಯಾವತ್ತು ಬಿಡಿಸಿದ್ದೋ.

ಮೂರು ಕೆ.ಜಿ. ಕಾಯಿ ಸುಲಿದರೆ ಒಂದು ಕೆ.ಜಿ. ಕಾಳು ಸಿಕ್ಕರೆ ಪುಣ್ಯ. ಅದನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಹೆಬ್ಬೆರಳು ತೋರುಬೆರಳಿನ ನಡುವೆ ಇಟ್ಟು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಿಚಕ್ಕನೆ ಹಾರುತ್ತದೆ. ಚಿಕ್ಕವನಿದ್ದಾಗ ನಿನ್ನ ಅಪ್ಪ ಬೇಳೆ ಹಾರಿಸಿ ತಂಗಿಯ ಮುಖಕ್ಕೆ ಹೊಡೆಯುವುದಕ್ಕೆಂದೇ ಹಿದುಕಲು ಕೂರುತ್ತಿದ್ದ. ಬೈದರೂ ಏಳುತ್ತಿರಲಿಲ್ಲ.

ಅವನೇ ಹೈಸ್ಕೂಲಿಗೆ ಬಂದ ಮೇಲೆ ಒಂದು ರಾತ್ರಿ, ಮನೆಯವರೆಲ್ಲ ಮಲಗಿದ್ದರು, ನಾವಿಬ್ಬರೇ ಒಲೆ ಮುಂದೆ ಹಿದುಕುತ್ತಿದ್ದೆವು. ತಲೆ ತಗ್ಗಿಸಿಕೊಂಡೇ "ನಂಗೆ ಲೆಕ್ಕ ತಲೆಗೆ ಹತ್ತಲ್ಲ ಕಣವ್ವಾ, ಓದು ಬಿಟ್ಟುಬಿಡ್ಲಾ" ಅಂದ. ನಾನೂ ತಲೆ ಎತ್ತಲಿಲ್ಲ. ಎತ್ತಿದ್ದರೆ ಅವನು ಮುಂದಿನ ಮಾತು ಆಡುತ್ತಿರಲಿಲ್ಲ. ಆ ರಾತ್ರಿ ಎಷ್ಟೋ ಹೇಳಿದ, ಮೇಷ್ಟ್ರು ಹೊಡೆದದ್ದು, ಹಿಂದಿನ ಬೆಂಚಿಗೆ ಕೂರಿಸಿದ್ದು. ಕೈ ಕೆಲಸದಲ್ಲಿದ್ದಾಗ, ಕಣ್ಣು ಕಾಳಿನ ಮೇಲಿದ್ದಾಗ ಬಾಯಿಗೆ ಧೈರ್ಯ ಬರುತ್ತದೆ ಮಗಾ. ನೀವು ಈಗ ಎದುರುಬದುರು ಕೂತು "ಮಾತಾಡೋಣ ಬಾ" ಅಂತೀರಂತೆ. ಹಾಗೆ ಕೂತರೆ ನನಗಾದರೆ ಪೊಲೀಸ್ ಠಾಣೆ ನೆನಪಾಗುತ್ತದೆ. ಮದುವೆಯಾಗಿ ಇನ್ನೂ ವರ್ಷ ತುಂಬಿಲ್ಲ ನಿಮಗೆ. ಇಬ್ಬರೂ ಒಂದೇ ಮೊರದ ಮುಂದೆ ಕೂತು ಏನಾದರೂ ಬಿಡಿಸುವುದನ್ನು ಕಲಿಯಿರಿ. ಅವರೆಯೇ ಆಗಬೇಕೆಂದಿಲ್ಲ, ಬೆಳ್ಳುಳ್ಳಿಯಾದರೂ ನಡೆಯುತ್ತದೆ.

ನಾನು ಹಳೇ ಕಾಲವನ್ನು ಹಾಡಿ ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಗೊರೂರಿನ ಅಣೆಕಟ್ಟು ಇನ್ನೂ ಏಳುತ್ತಿತ್ತು, ಅದು ಮುಗಿದದ್ದು 1979ರಲ್ಲಿ. ನಾಲೆಯ ನೀರು ಬರುವ ಮುಂಚಿನ ರಾಗಿಯ ಮನೆ ಇದು. ಧನುರ್ಮಾಸದಲ್ಲಿ ನಾಲ್ಕು ಗಂಟೆಗೆ ಎದ್ದು, ಕೊರೆಯುವ ನೀರಲ್ಲಿ ಸಗಣಿ ಕಲಸಿ ಅಂಗಳ ಸಾರಿಸಬೇಕು, ರಂಗೋಲಿ ಬಿಡಬೇಕು, ಹಂಡೆ ಒಲೆ ಹಚ್ಚಬೇಕು, ಹೊತ್ತು ಮೂಡುವ ಮೊದಲು ಹುಗ್ಗಿ ಆಗಬೇಕು. ಗಂಡಸರು ಬಿಸಿನೀರು ಹುಯ್ದುಕೊಂಡು, ಪೂಜೆ ಮುಗಿಸಿ, ಬಿಸಿಬಿಸಿ ಹುಗ್ಗಿ ತಿಂದು, ಕಂಬಳಿ ಕೊಪ್ಪೆ ಹಾಕಿಕೊಂಡು ಜಗಲಿಯ ಬಿಸಿಲಿಗೆ ಕೂರುತ್ತಿದ್ದರು. "ಆಹಾ, ಚಳಿಗಾಲ ಅಂದ್ರೆ ಇದು" ಅನ್ನುತ್ತಿದ್ದರು. ಆ ಎಳೆಬಿಸಿಲಲ್ಲಿ ನಾನು ಮೊದಲ ಸಲ ಸುಮ್ಮನೆ ಕೂತದ್ದು ನಲವತ್ತು ದಾಟಿದ ಮೇಲೆ. ಹುಗ್ಗಿ ಎಷ್ಟು ರುಚಿ ಅಂತ ಗೊತ್ತಾದದ್ದೂ ಆಗಲೇ. ಅಲ್ಲಿಯವರೆಗೆ ನಾನು ತಿಂದದ್ದೆಲ್ಲ ಆರಿದ ತಳ. ಚಳಿಗಾಲದ ಸುಖ ಚಳಿಗಾಲದ ಕೆಲಸಕ್ಕೆ ಅಂಟಿಕೊಂಡೇ ಬರುತ್ತದೆ. ಕೆಲಸ ಒಬ್ಬರಿಗೆ, ಸುಖ ಇನ್ನೊಬ್ಬರಿಗೆ ಅಂತ ಸೀಳಿದರೆ ಇಬ್ಬರಿಗೂ ಅರ್ಧರ್ಧವೇ ಸಿಗುತ್ತದೆ. ನಿಮ್ಮ ತಾತನಿಗೂ ಸಿಕ್ಕಿದ್ದು ಅರ್ಧವೇ ಅಂತ ನನಗೆ ಈಗ ಅನ್ನಿಸುತ್ತದೆ, ಪಾಪ, ಅವರಿಗೆ ಗೊತ್ತಾಗಲಿಲ್ಲ.

ಹಾಗಾಗಿ ಹಂಡೆ ಒಲೆ ಈ ಸಲ ನಿನ್ನ ಪಾಲಿಗೆ. ಅದೂ ಒಂದು ವಿದ್ಯೆಯೇ. ಮೊದಲು ತೆಂಗಿನ ಗರಿ, ಅದರ ಮೇಲೆ ಎಡೆಮಟ್ಟೆ, ಉರಿ ಹಿಡಿದ ಮೇಲೆ ಕರಟ. ಕರಟದ ಕೆಂಡ ನಿಧಾನ, ಹಂಡೆಯ ನೀರು ಮಧ್ಯಾಹ್ನದವರೆಗೂ ಬೆಚ್ಚಗಿರುತ್ತದೆ. ಕೆಂಡ ಕೆದಕಿ ಒಂದು ಗೆಣಸು ಹೂತಿಟ್ಟು ಸ್ನಾನ ಮುಗಿಸಿ ಬಾ, ತಿಂಡಿಗೆ ಮುಂಚಿನ ತಿಂಡಿ. ಅರಕಲಗೂಡಿನ ಕಡೆ, ನನ್ನ ತವರಿನಲ್ಲಿ, ತಮ್ಮ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇಟ್ಟಿದ್ದ. ಕಡ್ಡಿಗೆ ಸೊಪ್ಪು ಕಟ್ಟಿ ಒಳಗೆ ತೂಗುಹಾಕಿದರೆ ಐದಾರು ದಿನ ಹಗಲೂ ರಾತ್ರಿ ಶಾಖ ನೋಡಿಕೊಳ್ಳಬೇಕು, ಒಂದು ರಾತ್ರಿ ಕಣ್ಣು ಮುಚ್ಚಿದರೆ ಸೊಪ್ಪು ಕಪ್ಪಗಾಗಿ ವರ್ಷದ ದುಡಿಮೆ ಮಣ್ಣು. ಆ ಒಲೆಯ ಮುಂದೆ ಕಾವಲು ಕೂತ ಹುಡುಗರು ಗೆಣಸು, ಹಸಿ ಕಡಲೆಕಾಯಿ, ಒಮ್ಮೊಮ್ಮೆ ಯಾರದೋ ಹೊಲದ ಜೋಳದ ತೆನೆ ಸುಡುತ್ತಿದ್ದರು. ಆ ಬ್ಯಾರನ್‌ಗಳು ಸುತ್ತಲ ಮರಗಳನ್ನೆಲ್ಲ ನುಂಗಿದವು ಅನ್ನುವುದೂ ನಿಜ. ಗೆಣಸಿನ ರುಚಿ ಹೇಳುವಾಗ ಅದನ್ನು ಮುಚ್ಚಿಡಬಾರದು.

ಬೆಂಕಿಯ ಮಾತು ಬಂತಲ್ಲ, ಒಂದನ್ನು ಗಟ್ಟಿಯಾಗಿ ಹೇಳುತ್ತೇನೆ, ನಗಬೇಡ. ಚಳಿ ಅಂತ ಕೆಂಡದ ಬಾಣಲೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಿಕೊಳ್ಳಬೇಡಿ. ನಮ್ಮ ಹಿರಿಯರಿಗೆ ಇಂಗಾಲದ ಮಾನಾಕ್ಸೈಡ್ ಅನ್ನೋ ಹೆಸರು ಗೊತ್ತಿರಲಿಲ್ಲ, ಆದರೆ ಕಾಣದ ಗಾಳಿಯ ಭಯ ಗೊತ್ತಿತ್ತು. ರಾಗಿ ತುಂಬಿದ ಹಗೇವಿನ ಬಾಯಿ ತೆಗೆದ ಕೂಡಲೇ ಯಾರನ್ನೂ ಇಳಿಯಲು ಬಿಡುತ್ತಿರಲಿಲ್ಲ. ಸ್ವಲ್ಪ ಹೊತ್ತು ಬಾಯಿ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ, ದೀಪ ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದ. ಹಗೇವಿನೊಳಗಿನ ಗಾಳಿ ಬೇರೆ, ಕೆಂಡದ ಗಾಳಿ ಬೇರೆ. ಕೆಂಡದ ಗಾಳಿಯಲ್ಲಿ ದೀಪ ಆರುವುದೇ ಇಲ್ಲ, ಮನುಷ್ಯ ಮೊದಲು ಆರುತ್ತಾನೆ, ಅದಕ್ಕೇ ಅದು ಇನ್ನೂ ಕೆಟ್ಟದ್ದು. ನಿಮ್ಮ ಬೆಂಗಳೂರಿನ ಮನೆಯ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದೆಯಲ್ಲ, ಅದೂ ಒಂದು ಒಲೆಯೇ. ಬೀಸುಗಾಳಿ ಅಂತ ಬಚ್ಚಲ ಕಿಟಕಿಗೆ ರಟ್ಟು ಬಡಿದಿದ್ದೆಯಲ್ಲ, ಕಿತ್ತು ಹಾಕು. ಇವತ್ತೇ.

ರಾಗಿಯ ವಿಷಯ ನಿನಗೆ ಕಣ್ಣಲ್ಲಿ ತೋರಿಸಲು ಆಗುವುದಿಲ್ಲ, ನಮ್ಮ ಕಣವೇ ಈಗ ಇಲ್ಲ. ಕುಯ್ದು, ಒಣಗಿಸಿ, ಮೆದೆ ಒಟ್ಟಿ, ಕಣ ಕೆತ್ತಿ, ಸಗಣಿ ಬಗ್ಗಡದಲ್ಲಿ ಸಾರಿಸಿ, ನಡುವೆ ಮೇಟಿ ನೆಟ್ಟು, ಸಗಣಿ ಬೆನಕನಿಗೆ ಗರಿಕೆ ಸಿಕ್ಕಿಸಿದ ಮೇಲೇ ತೆನೆ ಹರಡುತ್ತಿದ್ದದ್ದು. ಎತ್ತು ಕಟ್ಟಿ ಗುಂಡು ಹೊಡೆಸುವ ರಾತ್ರಿಗಳಲ್ಲಿ ಗಂಡಸರು ಕಣದಲ್ಲೇ ಹುಲ್ಲೊಳಗೆ ಮಲಗುತ್ತಿದ್ದರು. ರಾಗಿ ಹುಲ್ಲಿನಷ್ಟು ಬೆಚ್ಚನೆ ಹಾಸಿಗೆ ಇನ್ನೊಂದಿಲ್ಲ, ಮೈ ಕಡಿತ ಮಾತ್ರ ಒಂದು ವಾರ. ಗಾಳಿ ಏಳುವುದನ್ನು ಕಾದು, ಮೊರ ಎತ್ತಿ ತೂರಿದರೆ ಹೊಟ್ಟು ಆಚೆ, ಕಾಳು ಕಾಲ ಬುಡಕ್ಕೆ. ಗಾಳಿ ಬಾರದ ದಿನ ಕಾಯುವುದೊಂದೇ ಕೆಲಸ. ಈಗ ಯಂತ್ರ ಬಂದು ಅರ್ಧ ದಿನದಲ್ಲಿ ಮುಗಿಸುತ್ತದೆ, ಒಳ್ಳೆಯದೇ ಆಯಿತು, ನನ್ನ ಸೊಂಟಕ್ಕೆ ಕೇಳು. ಯಂತ್ರವೂ ಸಿಗದವರು ಟಾರು ರಸ್ತೆಗೆ ತೆನೆ ಹರಡುತ್ತಾರೆ, ಬಸ್ಸು ಲಾರಿ ಹರಿದು ಕಾಳು ಉದುರುತ್ತದೆ. ನೀನು ಬೈಕಿನಲ್ಲಿ ಬರುವುದಾದರೆ ಜೋಕೆ, ಹುಲ್ಲಿನ ಮೇಲೆ ಚಕ್ರ ಜಾರುತ್ತದೆ, ಕತ್ತಲಲ್ಲಂತೂ ಕಾಣುವುದೇ ಇಲ್ಲ. ಬೈಯಬೇಡ, ಅವರಿಗೂ ಕಣ ಮಾಡಲು ಜಾಗವಿಲ್ಲ. ನಿಧಾನಕ್ಕೆ ಬಾ, ಅಷ್ಟೇ. ಇನ್ನೂ ಒಳ್ಳೆಯದು ಅಂದರೆ ರೈಲು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿನ ದಾರಿ ಕೂಡಿಕೊಂಡಿತಲ್ಲ, ಚನ್ನರಾಯಪಟ್ಟಣದಲ್ಲಿ ಇಳಿದುಬಿಡು.

ಅಲ್ಲಿ ಇಳಿಯಲು ಇನ್ನೊಂದು ಕಾರಣವಿದೆ, ಕೊಬ್ಬರಿ. ನಿನ್ನ ಸೋದರತ್ತೆಯ ಅಟ್ಟದಲ್ಲಿ ಹೋದ ವರ್ಷದ ಕಾಯಿ ಇದೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಕರಟ ಬಿಟ್ಟು ಗಡಗಡ ಅನ್ನುತ್ತದೆ. ಅಲ್ಲಾಡಿಸಿ, ಗಡಗಡ ಅನ್ನುವುದನ್ನೇ ಆರಿಸು. ಅಂಗಡಿಯ ಕೊಬ್ಬರಿ ಎಳ್ಳುಬೀರುವುದಕ್ಕೆ ಆಗದು ಅಂತಲ್ಲ, ಆದರೆ ಕಮಟು ಬಂದದ್ದು ಒಂದು ಸೇರಿದರೂ ಡಬ್ಬಿಯೆಲ್ಲ ಕೆಡುತ್ತದೆ. ಮನೆಗೆ ಬಂದ ಮೇಲೆ ನಿನ್ನ ಹೆಂಡತಿ, ನೀನು, ನಿನ್ನ ಅಪ್ಪ ಕೂತು ಕೊಬ್ಬರಿಯ ಕಂದು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚಿ. ಅಚ್ಚು ಬೆಲ್ಲವನ್ನು ಪುಡಿ ಮಾಡಬಾರದು, ಚೂರು ಚೂರಾಗಿ ಕತ್ತರಿಸಬೇಕು. ಒಂದು ದಿನದ ಬಿಸಿಲು ಬೇಕು ಅದಕ್ಕೆ, ಇಲ್ಲದಿದ್ದರೆ ಎಳ್ಳಿಗೆ ಅಂಟಿಕೊಂಡು ಉಂಡೆಯಾಗುತ್ತದೆ. ಹಬ್ಬದ ಬೆಳಗ್ಗೆ ಬಂದವರಿಗೆ ಈ ಬಿಸಿಲು ಎಲ್ಲಿಂದ ಸಿಗಬೇಕು ಹೇಳು. ಸಕ್ಕರೆ ಅಚ್ಚು ಅಂಗಡಿಯಿಂದಲೇ ತರೋಣ, ಆ ಪಾಕದ ಜೊತೆ ಗುದ್ದಾಡುವ ಶಕ್ತಿ ನನಗಿಲ್ಲ.

ನಿನ್ನ ಹೆಂಡತಿ ಹಾಲು ಹೆಪ್ಪಾಗುವುದಿಲ್ಲ ಅಂತ ಗೋಳಾಡಿದಳಂತೆ. ಚಳಿಯಲ್ಲಿ ಹಾಗೇ. ಹಾಲು ಉಗುರುಬೆಚ್ಚಗಿಂತ ಒಂದು ಕೈ ಹೆಚ್ಚು ಬಿಸಿ ಇರಲಿ, ಹೆಪ್ಪು ಬೇಸಿಗೆಯ ಎರಡರಷ್ಟು ಹಾಕಲಿ, ಪಾತ್ರೆಗೆ ಹಳೆಯ ದುಪ್ಪಟಿ ಸುತ್ತಿ ಒಲೆಯ ಮಗ್ಗುಲಿಗಿಡಲಿ. ಒಲೆ ಇಲ್ಲದ ಮನೆಯಲ್ಲಿ ಅಕ್ಕಿ ಡಬ್ಬಿಯೊಳಗೆ ಹೂತಿಟ್ಟರೂ ಆಗುತ್ತದೆ. ಬೆಣ್ಣೆಯೂ ಅಷ್ಟೇ, ಕಡೆದು ಕಡೆದು ರಟ್ಟೆ ಬಿದ್ದರೂ ಬಾರದಿದ್ದರೆ ಒಂದು ಲೋಟ ಬಿಸಿನೀರು ಹುಯ್ಯಬೇಕು, ಗಟ್ಟಿಯಾಗಿ ಬಿಗಿದ ಜಿಡ್ಡು ಸಡಿಲಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತದೆ. "ನನಗೆ ಬರಲ್ಲ" ಅಂತ ಅವಳು ಅಂದಳು ಅಂತ ನೀನು ನಗುತ್ತಾ ಹೇಳಿದೆ, ಅದು ನನಗೆ ಹಿಡಿಸಲಿಲ್ಲ. ನಿನಗೆ ಬರುತ್ತದಾ?

ಹಿಮ್ಮಡಿ ಒಡೆದಿದೆ ಅಂತಲೂ ಹೇಳಿದೆ. ಹರಳೆಣ್ಣೆ ತೆಗೆದಿಟ್ಟಿದ್ದೇನೆ, ಒಂದು ಸೀಸೆ ಒಯ್ಯಿ. ಹೊಲದ ಅಂಚಿನ ಹರಳು ಬಿಡಿಸಿ, ಹುರಿದು, ಒರಳಲ್ಲಿ ಕುಟ್ಟಿ, ದೊಡ್ಡ ಪಾತ್ರೆಯ ನೀರಲ್ಲಿ ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಸೌಟಿನಿಂದ ತೆಗೆದು ಮತ್ತೆ ಕಾಯಿಸಿ ನೀರಿನ ಚಟಪಟ ಸದ್ದು ನಿಲ್ಲುವವರೆಗೆ ಇಡಬೇಕು. ಇಡೀ ದಿನದ ಕೆಲಸ, ಸಿಗುವುದು ಒಂದೆರಡು ಸೀಸೆ. ಅದರ ವಾಸನೆ ನಿನಗೆ ಸೇರದು ಅಂತ ಗೊತ್ತು. ರಾತ್ರಿ ಹಚ್ಚಿ ಹಳೆಯ ಕಾಲುಚೀಲ ಹಾಕಿಕೊಂಡು ಮಲಗು. ಹರಳು ಕುಟ್ಟುವಾಗ ಮಕ್ಕಳನ್ನು ಹತ್ತಿರ ಬಿಡಬಾರದು, ಆ ಬೀಜ ವಿಷ. ಹಿಂಡಿ ಕೂಡ ದನಕ್ಕೆ ಹಾಕುವುದಿಲ್ಲ, ಗೊಬ್ಬರದ ಗುಂಡಿಗೇ.

ನನ್ನ ಕೆಲಸವನ್ನೇ ಹೇಳಿ ಹೇಳಿ ನಿನ್ನನ್ನು ಹೆದರಿಸಿಬಿಟ್ಟೆನೇನೋ. ಬರೀ ಆಟದ ದಿನಗಳೂ ಇದ್ದವು ಮಗಾ. ಮಾರ್ಗಶಿರದ ಷಷ್ಠಿಗೆ ರಾಮನಾಥಪುರದ ಸುಬ್ರಹ್ಮಣ್ಯನ ತೇರಿಗೆ ಅಪ್ಪ ಗಾಡಿ ಕಟ್ಟುತ್ತಿದ್ದ. ಗಾಡಿಗೆ ಹುಲ್ಲು ಹಾಸಿ, ಮೇಲೆ ಜಮಖಾನ, ಅದರ ಮೇಲೆ ನಾವು ಐದು ಮಕ್ಕಳು ಒಂದೇ ಕಂಬಳಿಯಲ್ಲಿ. ಕಾವೇರಿಗೆ ಇಳಿದರೆ ಹಲ್ಲು ಕಟಕಟ. ಅಲ್ಲಿಯ ಮಡುವಿನಲ್ಲಿ ಮೀನು ಹಿಡಿಯುವ ಹಾಗಿಲ್ಲ, ದೇವರ ಮೀನು ಅವು, ಕಡಲೆಪುರಿ ಎರಚಿದರೆ ತೊಡೆಗಾತ್ರದವು ಬಾಯಿ ತೆರೆದು ಮೇಲೆ ಬರುತ್ತಿದ್ದವು. ನಮಗೆ ಕೊಡಿಸಿದ ಪುರಿಯಲ್ಲಿ ಅರ್ಧ ಮೀನಿನ ಪಾಲಾಗಿ, ಅಮ್ಮನ ಕೈಲಿ ಬೈಸಿಕೊಂಡು ಮನೆಗೆ ಬರುತ್ತಿದ್ದೆವು. ಇದರಲ್ಲಿ ಕಿವಿಮಾತು ಏನೂ ಇಲ್ಲ. ನೆನಪಾಯಿತು, ಬರೆದೆ.

ಹಬ್ಬದ ಸಂಜೆ ಕಿಚ್ಚು ಹಾಯಿಸುವುದಿದೆ. ನಮ್ಮಲ್ಲಿ ಈಗ ಉಳಿದಿರುವುದು ಒಂದು ಹಸು, ಅದರ ಕರು. ಆದರೂ ಕೊಂಬಿಗೆ ಬಣ್ಣ ಬಳಿದು, ಮೈತೊಳೆದು, ಹೂವು ಕಟ್ಟಿ, ಊರ ಮುಂದಿನ ಹಾದಿಗೆ ಕರೆದೊಯ್ಯಬೇಕು. ನಮ್ಮ ಬೀದಿಯ ದನಗಳೆಲ್ಲ ಸೇರಿದರೂ ಒಂದು ಕಾಲದಲ್ಲಿ ನಮ್ಮ ಕೊಟ್ಟಿಗೆಯಲ್ಲಿದ್ದಷ್ಟು ಆಗುವುದಿಲ್ಲ. ಹುಲ್ಲಿನ ಬೆಂಕಿ ಬುಗ್ಗನೆ ಏಳುವಾಗ ಹಗ್ಗ ಬಿಗಿಯಾಗಿ ಹಿಡಿದು ಜೊತೆಗೇ ಓಡಬೇಕು, ಹಿಂದೆ ಉಳಿದರೆ ಹಸು ನಿನ್ನನ್ನು ಎಳೆದುಕೊಂಡು ಹೋಗುತ್ತದೆ. ಉರಿ ಎತ್ತರ ಎದ್ದಿದ್ದರೆ ಅಂಚಿನಲ್ಲೇ ಹಾಯಿಸು. ಯಾರು ನಗಾಡಿದರೂ ಚಿಂತೆಯಿಲ್ಲ, ಮೂಕಪ್ರಾಣಿಯ ಕಾಲು ಸುಟ್ಟು ಮಾಡುವ ಹಬ್ಬ ನಮಗೆ ಬೇಡ. ಹೋದ ವರ್ಷ ಹಗ್ಗ ಹಿಡಿಯಲು ಪಕ್ಕದ ಮನೆಯ ಹುಡುಗನನ್ನು ಕರೆದಿದ್ದೆ. ಈ ವರ್ಷ ಅವನೂ ಬೆಂಗಳೂರು ಸೇರಿದ್ದಾನೆ.

ನಿನ್ನ ಹೆಂಡತಿಗೆ ಹೇಳು, ಮೊದಲ ದಿನ ಅವಳು ಒಲೆಮನೆಗೆ ಬರಬೇಕಾಗಿಲ್ಲ. ಏಳು ಗಂಟೆಗೆ ಎದ್ದರೂ ಸರಿ, ಎಂಟಾದರೂ ಸರಿ. ಜಗಲಿಯ ಮೇಲೆ ಚಾಪೆ ಹಾಕಿರುತ್ತೇನೆ, ಬಿಸಿಲು ಅಲ್ಲಿಗೆ ಮೊದಲು ಬರುತ್ತದೆ. ಹುಗ್ಗಿಯ ಮೊದಲ ಬಟ್ಟಲು ಅವಳದು. ನೀನು ಬೆಳಗ್ಗೆ ಐದಕ್ಕೆ ಎದ್ದು ಹಂಡೆ ಒಲೆ ಹಚ್ಚು, ಆಮೇಲೆ ನನ್ನ ಮುಂದೆ ಮೊರ ಎಳೆದುಕೊಂಡು ಕೂತುಕೋ. ಕಾಳು ಹಿಂದಿನ ರಾತ್ರಿಯೇ ನೆನೆಹಾಕಿರುತ್ತೇನೆ. ಉಗುರು ಕತ್ತರಿಸಿಕೊಂಡು ಬಾ, ಬೇಳೆ ಮುರಿಯುತ್ತದೆ.

ನಿನ್ನ ಅಜ್ಜಿ